ತೋಳನ್ನು ಉಳಿಸುವ ಎಸೆತವೇ ಏಕೆ ಉಳಿಯುತ್ತಿಲ್ಲ? ಬೇಸ್‌ಬಾಲ್‌ನ ನಕಲ್‌ಬಾಲ್ ಎದುರಿಸುತ್ತಿರುವ ಬಿಕ್ಕಟ್ಟು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯು ಪಿಚರ್‌ಗಳ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರ, ಗಾಯಗಳ ಕುರಿತು 2024ರ ಡಿಸೆಂಬರ್‌ನಲ್ಲಿ ಒಂದು ದೀರ್ಘ ವರದಿಯನ್ನು ಹೊರತಂದಿತು. ಪ್ರತಿಯೊಂದು ಚೆಂಡನ್ನೂ ಮೈಯ ಪೂರ್ತಿ ಬಲ ಹಾಕಿ, ಗರಿಷ್ಠ ವೇಗದಲ್ಲಿ ಎಸೆಯುವ ಈಗಿನ ರೂಢಿಯೇ ಮೊಣಕೈ ಮತ್ತು ಭುಜಗಳನ್ನು ಹಾಳುಗೆಡವುತ್ತಿದೆ ಎಂಬುದು ಅದರ ತಿರುಳು. 2005ರಲ್ಲಿ ಪಿಚರ್‌ಗಳು ಗಾಯಾಳುಗಳ ಪಟ್ಟಿ ಸೇರಿದ್ದು 212 ಬಾರಿ. 2024ರಲ್ಲಿ ಆ ಸಂಖ್ಯೆ 485ಕ್ಕೆ ಏರಿತ್ತು. ಇದಾದ ಒಂಬತ್ತು ತಿಂಗಳಿಗೆ, ಎಸೆತವು ನಿಗದಿತ ವಲಯದೊಳಗೆ ಬಂದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್ ಎಂದು ಅಂಪೈರ್ ಕೊಡುವ ತೀರ್ಪುಗಳನ್ನು ಯಂತ್ರದ ಮುಂದೆ ಪ್ರಶ್ನಿಸುವ ವ್ಯವಸ್ಥೆಯನ್ನು 2026ರ ಋತುವಿನಿಂದ ಜಾರಿಗೆ ತರುವ ನಿರ್ಧಾರವೂ ಹೊರಬಿತ್ತು.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಒಂದು ಗೊಂದಲ ಸಹಜವಾಗಿಯೇ ಎದುರಾಗುತ್ತದೆ. ತೋಳಿಗೆ ಅತಿ ಕಡಿಮೆ ಶ್ರಮ ಕೊಡುವ, ನಲವತ್ತು ದಾಟಿದವರನ್ನೂ ಮೈದಾನದಲ್ಲಿ ಉಳಿಸಿದ ಎಸೆತವೊಂದು ಬೇಸ್‌ಬಾಲ್‌ನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇದೆ. ಅದರ ಹೆಸರು ನಕಲ್‌ಬಾಲ್. ಪಿಚರ್‌ಗಳ ತೋಳುಗಳು ಹಿಂದೆಂದಿಗಿಂತ ಹೆಚ್ಚು ಘಾಸಿಗೊಳ್ಳುತ್ತಿರುವ ಈ ಹೊತ್ತಿನಲ್ಲೇ ಅದನ್ನು ಎಸೆಯುವವರು ಬಹುತೇಕ ಇಲ್ಲವಾಗಿದ್ದಾರೆ. ಅಭಿಮಾನಿಗಳು ಇಷ್ಟೊಂದು ಪ್ರೀತಿಸುವ ಎಸೆತವನ್ನು ತಂಡಗಳು ಏಕೆ ಕೈಬಿಟ್ಟವು ಎಂಬುದನ್ನು ತಿಳಿಯಲು, ಆ ಚೆಂಡು ಗಾಳಿಯಲ್ಲಿ ಏನು ಮಾಡುತ್ತದೆ ಎಂಬಲ್ಲಿಂದಲೇ ಆರಂಭಿಸಬೇಕು.

ಹೆಸರು ಗೆಣ್ಣಿನದು, ಕೆಲಸ ಉಗುರಿನದು

ನಕಲ್ ಎಂದರೆ ಬೆರಳಿನ ಗೆಣ್ಣು. ಆರಂಭದ ದಿನಗಳಲ್ಲಿ ಕೆಲವರು ಗೆಣ್ಣುಗಳನ್ನು ಚೆಂಡಿಗೆ ಒತ್ತಿ ಹಿಡಿಯುತ್ತಿದ್ದುದರಿಂದ ಈ ಹೆಸರು ಬಂದಿತಾದರೂ, ಪಳಗಿದ ಪಿಚರ್‌ಗಳು ಬೆರಳ ತುದಿಯನ್ನೂ ಉಗುರನ್ನೂ ಹೊಲಿಗೆಯ ಬಳಿ ಊರಿ ಚೆಂಡನ್ನು ಹಿಡಿಯುತ್ತಾರೆ. ಮಣಿಕಟ್ಟನ್ನು ಬಿಗಿಯಾಗಿಟ್ಟು, ಚೆಂಡು ತಿರುಗದಂತೆ ಮುಂದಕ್ಕೆ ತಳ್ಳುವುದೇ ಇದರ ಗುಟ್ಟು. ಸಾಮಾನ್ಯ ವೇಗದ ಎಸೆತವು ಪಿಚರ್‌ನ ಕೈಯಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್ ತಲುಪುವುದರೊಳಗೆ ಸುಮಾರು 15 ಸುತ್ತು ತಿರುಗಿದರೆ, ಒಳ್ಳೆಯ ನಕಲ್‌ಬಾಲ್ ಒಂದು ಅಥವಾ ಒಂದೂವರೆ ಸುತ್ತಷ್ಟೇ ತಿರುಗುತ್ತದೆ. ವೇಗವೂ ಅಷ್ಟೇ ಕಡಿಮೆ. ಈಗಿನ ಸರಾಸರಿ ವೇಗದ ಎಸೆತ ಗಂಟೆಗೆ 151 ಕಿ.ಮೀ. ಮೀರಿರುವಾಗ, ಬಾಸ್ಟನ್ ರೆಡ್ ಸಾಕ್ಸ್ ತಂಡದ ಟಿಮ್ ವೇಕ್‌ಫೀಲ್ಡ್ ಅವರ ನಕಲ್‌ಬಾಲ್ ಗಂಟೆಗೆ 105ರಿಂದ 110 ಕಿ.ಮೀ. ವೇಗದಲ್ಲಿ ತೇಲಿಬರುತ್ತಿತ್ತು.

ಕ್ರಿಕೆಟ್ ನೋಡುವ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. 2011ರ ವಿಶ್ವಕಪ್‌ನಲ್ಲಿ ಜಹೀರ್ ಖಾನ್ ಇದನ್ನು ಬಳಸಿದ್ದರು. ಈಗ ಬೆಂಗಳೂರಿನ ಆರ್‌ಸಿಬಿ ಪರ ಆಡುತ್ತಿರುವ ಭುವನೇಶ್ವರ್ ಕುಮಾರ್ ಅವರ ಬತ್ತಳಿಕೆಯಲ್ಲೂ ಇದೆ. ಆದರೆ ಕ್ರಿಕೆಟ್ ಬೇಸ್‌ಬಾಲ್‌ನಿಂದ ಪಡೆದದ್ದು ಹೆಸರನ್ನೂ ಹಿಡಿತವನ್ನೂ ಮಾತ್ರ. ಕ್ರಿಕೆಟ್‌ನಲ್ಲಿ ಇದು ವೇಗದ ಚೆಂಡುಗಳ ನಡುವೆ ಅಡಗಿಸಿಡುವ ನಿಧಾನದ ಚೆಂಡು. ಬ್ಯಾಟರ್ ಅದನ್ನು ಮೊದಲೇ ಗುರುತಿಸಿಬಿಟ್ಟರೆ ಅದರ ಅರ್ಧ ಬಲ ಹೋಯಿತು. ಬೇಸ್‌ಬಾಲ್‌ನ ನಕಲ್‌ಬಾಲ್ ಪಿಚರ್ ಮಾತ್ರ ಅದನ್ನೇ ಮತ್ತೆ ಮತ್ತೆ ಎಸೆಯುತ್ತಾನೆ. ಏನು ಬರಲಿದೆಯೆಂದು ಬ್ಯಾಟರ್‌ಗೆ ಗೊತ್ತು, ಅದು ನಿಧಾನವಾಗಿ ಬರುತ್ತದೆಂದೂ ಗೊತ್ತು, ಆದರೂ ಬ್ಯಾಟು ಗಾಳಿಯನ್ನು ಸೀಳುತ್ತದೆ. ನೋಡುಗರನ್ನು ಈ ಎಸೆತದತ್ತ ಸೆಳೆಯುವ ಮೊದಲ ವಿಸ್ಮಯ ಇದೇ.

ಗಾಳಿಯಲ್ಲಿ ನಿಜಕ್ಕೂ ಏನಾಗುತ್ತದೆ?

ತಿರುಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಒಂದು ಕಡೆಗೆ ಎಳೆದುಕೊಂಡು ಹೋಗುವುದರಿಂದ ಒಂದೇ ದಿಕ್ಕಿಗೆ, ಊಹಿಸಬಹುದಾದ ರೀತಿಯಲ್ಲಿ ಬಾಗುತ್ತದೆ. ತಿರುಗದ ಚೆಂಡಿಗೆ ಆ ಆಸರೆಯಿಲ್ಲ. ಆಗ ಅದರ ದಾರಿಯನ್ನು ನಿರ್ಧರಿಸುವುದು ಹೊಲಿಗೆ. ಬೇಸ್‌ಬಾಲ್ ಚೆಂಡಿನ ಮೇಲೆ 108 ಜೋಡಿ ಹೊಲಿಗೆಗಳು ಅಂಕುಡೊಂಕಾಗಿ ಸುತ್ತಿಕೊಂಡಿರುತ್ತವೆ. ಹೊಲಿಗೆ ಎದುರಾಗುವ ಬದಿಯಲ್ಲಿ ಗಾಳಿಯ ಹರಿವು ಒಂದು ಬಗೆಯಾದರೆ, ನುಣುಪಾದ ಚರ್ಮವಿರುವ ಬದಿಯಲ್ಲಿ ಇನ್ನೊಂದು ಬಗೆ. ಈ ವ್ಯತ್ಯಾಸವೇ ಚೆಂಡನ್ನು ಪಕ್ಕಕ್ಕೆ ತಳ್ಳುತ್ತದೆ. ಚೆಂಡು ಒಂದಿಷ್ಟು ತಿರುಗಿದೊಡನೆ ಹೊಲಿಗೆಯ ಸ್ಥಾನ ಬದಲಾಗಿ, ತಳ್ಳುವ ದಿಕ್ಕೂ ಬದಲಾಗುತ್ತದೆ. ಟ್ಯುಲೇನ್ ವಿಶ್ವವಿದ್ಯಾಲಯದ ರಾಬರ್ಟ್ ವಾಟ್ಸ್ ಮತ್ತು ಎರಿಕ್ ಸಾಯರ್ ಅವರು 1975ರಲ್ಲಿ ಪ್ರಕಟಿಸಿದ ಗಾಳಿಸುರಂಗದ ಪ್ರಯೋಗಗಳು ಈ ಬಲವನ್ನು ಅಳೆದು ತೋರಿಸಿದವು.

ಚೆಂಡು ದಾರಿಯುದ್ದಕ್ಕೂ ಎಡಕ್ಕೂ ಬಲಕ್ಕೂ ತೂರಾಡುತ್ತದೆ ಎಂಬುದು ಬ್ಯಾಟರ್‌ಗಳ ಹಳೆಯ ನಂಬಿಕೆ. ಇಲಿನಾಯ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಅಲನ್ ನೇಥನ್ ಅವರು ಕ್ಯಾಮೆರಾಗಳು ದಾಖಲಿಸಿದ ಪಥಗಳನ್ನು ವಿಶ್ಲೇಷಿಸಿದಾಗ ಬೇರೊಂದು ಚಿತ್ರ ಕಂಡಿತು. ಒಂದೊಂದೇ ಎಸೆತವನ್ನು ತೆಗೆದುಕೊಂಡರೆ ನಕಲ್‌ಬಾಲ್‌ನ ಪಥವೂ ಇತರ ಎಸೆತಗಳಷ್ಟೇ ನಯವಾಗಿದೆ. ಆದರೆ ಒಂದು ಎಸೆತ ಎಡಕ್ಕೆ ಬಾಗಿದರೆ ಮುಂದಿನದು ಬಲಕ್ಕೆ, ಅದರ ಮುಂದಿನದು ನೇರ ಕೆಳಕ್ಕೆ. ಹೀಗಾಗಿ ಅನಿಶ್ಚಿತತೆ ಇರುವುದು ಒಂದು ಚೆಂಡಿನ ನಡಿಗೆಯಲ್ಲಿ ಅಲ್ಲ, ಒಂದು ಚೆಂಡಿಗೂ ಮುಂದಿನ ಚೆಂಡಿಗೂ ಇರುವ ಅಂತರದಲ್ಲಿ. ವರ್ಷಗಟ್ಟಲೆ ತಿರುಗುವ ಚೆಂಡುಗಳನ್ನೇ ನೋಡಿ ಪಳಗಿದ ಕಣ್ಣು, ಚೆಂಡು ಎಲ್ಲಿಗೆ ಬರುತ್ತದೆಂದು ಅರೆಕ್ಷಣದಲ್ಲಿ ಲೆಕ್ಕಹಾಕಿಬಿಡುತ್ತದೆ. ಆ ಲೆಕ್ಕ ತಪ್ಪಿದಾಗ ಚೆಂಡೇ ಕುಣಿಯಿತೆಂದು ಅನ್ನಿಸುತ್ತದೆ. ಈ ವಿವರಣೆಯಿಂದ ನಕಲ್‌ಬಾಲ್‌ನ ಮಾಯೆ ಕಡಿಮೆಯಾಗುವುದಿಲ್ಲ, ಇನ್ನೂ ಆಳವಾಗುತ್ತದೆ.

ಇದರ ಇನ್ನೊಂದು ಮುಖವೂ ಉಂಟು. ಬೆರಳು ತುಸು ಜಾರಿ ಚೆಂಡು ನಾಲ್ಕೈದು ಸುತ್ತು ತಿರುಗಿತೆಂದರೆ, ಬ್ಯಾಟರ್ ಮುಂದೆ ಬರುವುದು ನಿಧಾನಗತಿಯ ನೇರ ಚೆಂಡು. ಆರ್.ಎ. ಡಿಕಿ ಅವರು 2006ರ ಏಪ್ರಿಲ್‌ನಲ್ಲಿ ನಕಲ್‌ಬಾಲ್ ಪಿಚರ್ ಆಗಿ ಮೊದಲ ಬಾರಿ ಪಂದ್ಯ ಆರಂಭಿಸಿದಾಗ ಡೆಟ್ರಾಯ್ಟ್ ತಂಡ ಅವರ ವಿರುದ್ಧ ಆರು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಮೈದಾನದಾಚೆ ಹೊಡೆಯುವುದು) ಬಾರಿಸಿತು. ಉತ್ತಮಕ್ಕೂ ಅಧ್ವಾನಕ್ಕೂ ನಡುವಿನ ಅಂತರ ಇಷ್ಟು ಕಿರಿದಾಗಿರುವ ಎಸೆತ ಬೇಸ್‌ಬಾಲ್‌ನಲ್ಲಿ ಬೇರೊಂದಿಲ್ಲ.

ಎರಡನೆಯ ಅವಕಾಶದ ಎಸೆತ

ನಕಲ್‌ಬಾಲ್ ಪಿಚರ್‌ಗಳ ಬಗ್ಗೆ ಜನರಿಗಿರುವ ಪ್ರೀತಿಯನ್ನು ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಇವರಲ್ಲಿ ಹೆಚ್ಚಿನವರು ಬೇರೇನೋ ಆಗಲು ಹೊರಟು, ಆ ದಾರಿ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ವೇಕ್‌ಫೀಲ್ಡ್ ಅವರನ್ನು 1988ರಲ್ಲಿ ಪಿಟ್ಸ್‌ಬರ್ಗ್ ತಂಡ ಆರಿಸಿಕೊಂಡಿದ್ದು ಫಸ್ಟ್ ಬೇಸ್ ಆಟಗಾರನನ್ನಾಗಿ. ಬ್ಯಾಟಿಂಗ್‌ನಲ್ಲಿ ಮೇಲೇರುವ ಸಾಧ್ಯತೆ ಇಲ್ಲವೆಂದಾದ ಮೇಲೆ ಅವರು ನಕಲ್‌ಬಾಲ್ ಹಿಡಿದರು. 1995ರ ಏಪ್ರಿಲ್‌ನಲ್ಲಿ ಆ ತಂಡ ಅವರನ್ನು ಕೈಬಿಟ್ಟಿತು. ಅದೇ ವರ್ಷ ಬಾಸ್ಟನ್ ಪರ ಅವರು 16 ಪಂದ್ಯ ಗೆದ್ದರು. 2011ರಲ್ಲಿ, 45ನೆಯ ವಯಸ್ಸಿನಲ್ಲಿ, 200ನೆಯ ಗೆಲುವಿನೊಂದಿಗೆ ಅವರ ಆಟ ಮುಗಿಯಿತು.

ಡಿಕಿ ಅವರ ಬದುಕು ಇನ್ನೂ ವಿಚಿತ್ರ. 1996ರಲ್ಲಿ ಟೆಕ್ಸಾಸ್ ರೇಂಜರ್ಸ್ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿ 8,10,000 ಡಾಲರ್ ಕೊಡಲು ಒಪ್ಪಿತ್ತು. ಚಿತ್ರವೊಂದರಲ್ಲಿ ಅವರ ಬಲಗೈ ಜೋತುಬಿದ್ದ ರೀತಿ ಕಂಡು ಅನುಮಾನಗೊಂಡು ತಪಾಸಣೆ ಮಾಡಿಸಿದಾಗ, ಎಸೆಯುವ ಕೈಯ ಮೊಣಕೈಯಲ್ಲಿ ಇರಬೇಕಾದ ಮುಖ್ಯ ಲಿಗಮೆಂಟೇ ಇಲ್ಲವೆಂದು ತಿಳಿಯಿತು. ಮೊತ್ತ 75,000 ಡಾಲರ್‌ಗೆ ಇಳಿಯಿತು. ಹತ್ತು ವರ್ಷ ಅಲ್ಲಿ ಇಲ್ಲಿ ಅಲೆದು, ಮೂವತ್ತು ದಾಟಿದ ಮೇಲೆ ಅವರು ನಕಲ್‌ಬಾಲ್‌ಗೆ ಹೊರಳಿದರು. 2012ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪರ 20 ಪಂದ್ಯ ಗೆದ್ದು, 230 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಔಟ್) ಮಾಡಿ, ವರ್ಷದ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ಪಡೆದ ಮೊತ್ತಮೊದಲ ನಕಲ್‌ಬಾಲ್ ಪಿಚರ್ ಎನಿಸಿದರು. ಆ ವರ್ಷ ಅವರು ಕೊಟ್ಟ ವಾಕ್‌ಗಳು, ಅಂದರೆ ನಾಲ್ಕು ಬಾಲ್ ಎಸೆದು ಬ್ಯಾಟರ್‌ಗೆ ಬಿಟ್ಟುಕೊಟ್ಟ ಬೇಸ್‌ಗಳು, ಕೇವಲ 54. ಹತೋಟಿಗೆ ಸಿಗದ ಎಸೆತವೆಂದು ಹೆಸರಾದ ಚೆಂಡನ್ನು ಅವರು ಎಷ್ಟು ಪಳಗಿಸಿದ್ದರೆಂಬುದಕ್ಕೆ ಈ ಅಂಕಿಯೊಂದೇ ಸಾಕು.

ದೀರ್ಘಾಯುಷ್ಯ ಈ ಸೆಳೆತದ ಮತ್ತೊಂದು ಎಳೆ. ಹಾಯ್ಟ್ ವಿಲ್‌ಹೆಲ್ಮ್ ತಮ್ಮ ಮೊದಲ ಮೇಜರ್ ಲೀಗ್ ಪಂದ್ಯವಾಡಿದ್ದು 29ನೆಯ ವಯಸ್ಸಿನಲ್ಲಿ, ಕೊನೆಯದು 49ರಲ್ಲಿ. ಒಹಾಯೊ ರಾಜ್ಯದ ಕಲ್ಲಿದ್ದಲು ಗಣಿ ಕಾರ್ಮಿಕರೊಬ್ಬರ ಮಗ ಫಿಲ್ ನೀಕ್ರೊ ತಂದೆಯಿಂದಲೇ ಈ ಎಸೆತ ಕಲಿತು, 48ರವರೆಗೆ ಆಡಿ 318 ಪಂದ್ಯ ಗೆದ್ದರು. ಅವುಗಳಲ್ಲಿ 121 ಗೆಲುವುಗಳು ನಲವತ್ತು ತುಂಬಿದ ಮೇಲಿನವು. ತಮ್ಮ ಜೋ ನೀಕ್ರೊ ಅವರ ಗೆಲುವುಗಳೂ ಸೇರಿದರೆ ಅಣ್ಣತಮ್ಮಂದಿರ ಮೊತ್ತ 539.

ಈ ವಿದ್ಯೆ ಕಲಿತದ್ದು ತಂಡಗಳ ಕೋಚ್‌ಗಳಿಂದಲ್ಲ, ಒಬ್ಬರಿಂದ ಒಬ್ಬರು. ಶಾಲಾ ಹುಡುಗನಾಗಿದ್ದಾಗ ವಿಲ್‌ಹೆಲ್ಮ್ ಪತ್ರಿಕೆಯೊಂದರಲ್ಲಿ ಡಚ್ ಲಿಯೊನಾರ್ಡ್ ಅವರ ಹಿಡಿತದ ಚಿತ್ರ ನೋಡಿ ಕಲಿತರು. ಮುಂದೆ ಅವರೇ ಶಿಕಾಗೊದಲ್ಲಿ ವಿಲ್ಬರ್ ವುಡ್ ಅವರಿಗೆ ಕಲಿಸಿದರು. ತಂಡದಿಂದ ಹೊರಬಿದ್ದಿದ್ದ ವೇಕ್‌ಫೀಲ್ಡ್ ಅವರನ್ನು 1995ರಲ್ಲಿ ತಿದ್ದಿದವರು ನೀಕ್ರೊ ಸೋದರರು. ಡಿಕಿ ಅವರು ಚಾರ್ಲಿ ಹಫ್, ಫಿಲ್ ನೀಕ್ರೊ, ವೇಕ್‌ಫೀಲ್ಡ್ ಮೂವರ ಬಳಿಯೂ ಹೋಗಿ ಕಲಿತರು. ಸ್ಪರ್ಧೆಯೇ ಬದುಕಾದ ವೃತ್ತಿಯಲ್ಲಿ ತನ್ನ ಗುಟ್ಟನ್ನು ಎದುರಾಳಿ ತಂಡದವನಿಗೂ ಬಿಟ್ಟುಕೊಡುವ ಈ ಸಂಪ್ರದಾಯ ಅಪರೂಪದ್ದು. ವಿಲ್‌ಹೆಲ್ಮ್ ತೊಟ್ಟ 49ನೆಯ ಸಂಖ್ಯೆಯ ಅಂಗಿ ಹಫ್ ಅವರಿಗೂ, ಟಾಮ್ ಕ್ಯಾಂಡಿಯೊಟಿ ಅವರಿಗೂ, ವೇಕ್‌ಫೀಲ್ಡ್ ಅವರಿಗೂ ಇಳಿದು ಬಂತು.

ಇದೇ ಎಳೆ ಜಪಾನಿನವರೆಗೂ ಚಾಚಿತು. ವೇಕ್‌ಫೀಲ್ಡ್ ಅವರ ಎಸೆತವನ್ನು ವಿಡಿಯೊದಲ್ಲಿ ನೋಡಿ ಕಲಿತ ಎರಿ ಯೊಶಿದಾ ಎಂಬ ಹುಡುಗಿಯನ್ನು 2008ರಲ್ಲಿ, ಆಕೆಗೆ 16 ವರ್ಷವಾಗಿದ್ದಾಗ, ಕೋಬೆ ನಗರದ ವೃತ್ತಿಪರ ತಂಡವೊಂದು ಪುರುಷರ ಜೊತೆ ಆಡಲು ಆರಿಸಿಕೊಂಡಿತು. 2010ರಲ್ಲಿ ಆಕೆ ಅಮೆರಿಕಕ್ಕೆ ಬಂದು ವೇಕ್‌ಫೀಲ್ಡ್ ಅವರನ್ನೇ ಭೇಟಿಯಾದರು. ಗಂಟೆಗೆ 150 ಕಿ.ಮೀ. ವೇಗ ಬೇಡುವ ಆಟದಲ್ಲಿ ಅಂಥ ಆಟಗಾರ್ತಿಗೆ ತೆರೆದಿದ್ದ ಬಾಗಿಲು ಇದೊಂದೇ ಆಗಿತ್ತು.

ಕ್ಯಾಚರ್ ತೆರುವ ಬೆಲೆ

ಬ್ಯಾಟರ್‌ಗೆ ಅಂದಾಜಿಗೆ ಸಿಗದ ಚೆಂಡು, ಅವನ ಹಿಂದೆ ಕುಳಿತು ಅದನ್ನು ಹಿಡಿಯಬೇಕಾದ ಕ್ಯಾಚರ್‌ಗೂ ಸಿಗುವುದಿಲ್ಲ. ಹಫ್ ಅವರ ಎಸೆತಗಳನ್ನು ಹಿಡಿಯುತ್ತಿದ್ದ ಟೆಕ್ಸಾಸ್‌ನ ಜೀನೊ ಪೆಟ್ರಾಲಿ ಅವರಿಂದ 1987ರ ಒಂದೇ ಋತುವಿನಲ್ಲಿ 35 ಚೆಂಡುಗಳು ಕೈತಪ್ಪಿ ಹಿಂದಕ್ಕೆ ಹೋದವು. ನೀಕ್ರೊ ಅವರ ಕ್ಯಾಚರ್ ಆಗಿದ್ದ ಬಾಬ್ ಯೂಕರ್, ನಕಲ್‌ಬಾಲ್ ಹಿಡಿಯಲು ಅದು ಉರುಳುವುದು ನಿಲ್ಲುವವರೆಗೆ ಕಾದು ಎತ್ತಿಕೊಳ್ಳುವುದೇ ಸರಿಯಾದ ದಾರಿ ಎಂದಿದ್ದರು. 1960ರಲ್ಲಿ ಬಾಲ್ಟಿಮೋರ್ ತಂಡದ ಮ್ಯಾನೇಜರ್ ಪಾಲ್ ರಿಚರ್ಡ್ಸ್ ವಿಲ್‌ಹೆಲ್ಮ್ ಅವರ ಎಸೆತಗಳಿಗಾಗಿಯೇ ದೊಡ್ಡದೊಂದು ಗ್ಲೌಸ್ ಮಾಡಿಸಿದರು. ಕೆಲವೇ ವರ್ಷಗಳಲ್ಲಿ ನಿಯಮವು ಕ್ಯಾಚರ್ ಗ್ಲೌಸಿನ ಗಾತ್ರಕ್ಕೆ ಮಿತಿ ಹಾಕಿತು.

ಇದರ ಬೆಲೆ ಎಷ್ಟೆಂದು 2006ರಲ್ಲಿ ಬಾಸ್ಟನ್ ತಂಡಕ್ಕೆ ಚೆನ್ನಾಗಿ ಅರಿವಾಯಿತು. ವೇಕ್‌ಫೀಲ್ಡ್ ಅವರಿಗೆಂದೇ ಇದ್ದ ಕ್ಯಾಚರ್ ಡಗ್ ಮಿರಾಬೆಲಿ ಅವರನ್ನು ತಂಡವು ಸ್ಯಾನ್ ಡಿಯೇಗೊಗೆ ಬಿಟ್ಟುಕೊಟ್ಟಿತ್ತು. ಅವರ ಜಾಗಕ್ಕೆ ಬಂದ ಜಾಷ್ ಬಾರ್ಡ್ ಏಪ್ರಿಲ್ ತಿಂಗಳೊಂದರಲ್ಲೇ ಹತ್ತು ಚೆಂಡು ಕೈಬಿಟ್ಟರು. ಕೊನೆಗೆ ಬಾಸ್ಟನ್ ಮತ್ತೊಂದು ವಿನಿಮಯ ಮಾಡಿಕೊಂಡು ಮಿರಾಬೆಲಿ ಅವರನ್ನು ಮರಳಿ ಪಡೆಯಿತು. ಮೇ 1ರ ಸಂಜೆ ವಿಮಾನ ಇಳಿದ ಅವರನ್ನು ಪೊಲೀಸ್ ಬೆಂಗಾವಲಿನಲ್ಲಿ ಬಾಸ್ಟನ್‌ನ ಮೈದಾನ ಫೆನ್‌ವೇ ಪಾರ್ಕ್‌ಗೆ ಕರೆತರಲಾಯಿತು. ಅವರು ಕಾರಿನಲ್ಲೇ ಸಮವಸ್ತ್ರ ತೊಟ್ಟು ನೇರವಾಗಿ ಮೈದಾನಕ್ಕಿಳಿದರು. ಅಂದರೆ ಒಬ್ಬ ನಕಲ್‌ಬಾಲ್ ಪಿಚರ್‌ನನ್ನು ಇಟ್ಟುಕೊಳ್ಳುವ ತಂಡ ಎರಡು ಸ್ಥಾನಗಳನ್ನು ಮೀಸಲಿಡಬೇಕಾಗುತ್ತದೆ. ಒಬ್ಬೊಬ್ಬರ ಸ್ಥಾನಕ್ಕೂ ಲೆಕ್ಕವಿಡುವ ಇಂದಿನ ಆಡಳಿತಗಾರರು ಹಿಂಜರಿಯಲು ಇದು ಗಟ್ಟಿಯಾದ ಕಾರಣ.

ಸರಾಸರಿಯಲ್ಲಿ ಕರಗಿಹೋಗುವ ಗುಣ

ಆದರೆ ಕ್ಯಾಚರ್ ಸಮಸ್ಯೆ ಹಿಂದೆಯೂ ಇತ್ತು. 1945ರಲ್ಲಿ ವಾಷಿಂಗ್ಟನ್ ಸೆನೆಟರ್ಸ್ ತಂಡ ನಾಲ್ವರು ನಕಲ್‌ಬಾಲ್ ಪಿಚರ್‌ಗಳನ್ನು ಸರದಿಯಲ್ಲಿ ಆಡಿಸಿತ್ತು. ಅಂದಿಗೂ ಇಂದಿಗೂ ಆಗಿರುವ ನಿಜವಾದ ಬದಲಾವಣೆ, ಪಿಚರ್‌ಗಳನ್ನು ಆರಿಸುವ ಮತ್ತು ಬೆಳೆಸುವ ಕ್ರಮದಲ್ಲಿದೆ.

ಈಗ ಹದಿಹರೆಯದ ಪಿಚರ್‌ನ ಪ್ರತಿ ಎಸೆತವನ್ನೂ ಕ್ಯಾಮೆರಾ ಮತ್ತು ರೇಡಾರ್ ಅಳೆಯುತ್ತವೆ. ವೇಗವೆಷ್ಟು, ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ಬಾಗುತ್ತದೆ ಎಂಬ ಅಂಕಿಗಳ ಮೇಲೆ ಅವನ ಭವಿಷ್ಯ ನಿರ್ಧಾರವಾಗುತ್ತದೆ. ನಕಲ್‌ಬಾಲ್‌ಗೆ ವೇಗವಿಲ್ಲ, ತಿರುಗುವಿಕೆಯೂ ಇಲ್ಲ. ಬಾಗುವಿಕೆ ಇದೆಯಾದರೂ ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಉತ್ತರ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಯಾವ ಏರುಪೇರಿನಿಂದ ಈ ಎಸೆತ ಬ್ಯಾಟರ್‌ನನ್ನು ಸೋಲಿಸುತ್ತದೆಯೋ, ಆ ಏರುಪೇರೇ ಲೆಕ್ಕದ ಹಾಳೆಯಲ್ಲಿ ಅಳಿಸಿಹೋಗುತ್ತದೆ. ಅಳತೆಯೇ ತಪ್ಪೆಂದು ಇದರ ಅರ್ಥವಲ್ಲ. ಪ್ರತಿ ಬಾರಿಯೂ ಒಂದೇ ರೀತಿ ಬರುವ ಎಸೆತಗಳಿಗಾಗಿ ರೂಪುಗೊಂಡ ಅಳತೆಯಿಂದ, ಹಾಗೆ ಬರದಿರುವುದೇ ಗುಣವಾಗಿರುವ ಎಸೆತವನ್ನು ತೂಗುತ್ತಿದ್ದೇವೆ, ಅಷ್ಟೆ.

ಇದಕ್ಕೆ ಸಮಯದ ಪ್ರಶ್ನೆಯೂ ಸೇರುತ್ತದೆ. ವೇಗವನ್ನು ತರಬೇತಿ ಕೇಂದ್ರಗಳಲ್ಲಿ ಕೆಲವು ತಿಂಗಳಲ್ಲಿ ಹೆಚ್ಚಿಸಬಹುದು. ನಕಲ್‌ಬಾಲ್ ಕೈಗೆ ಒಲಿಯಲು ವರ್ಷಗಳು ಬೇಕು. ಆರು ಹೋಮ್ ರನ್ ಕೊಟ್ಟ ದಿನದಿಂದ ಸೈ ಯಂಗ್ ಪ್ರಶಸ್ತಿಯವರೆಗೆ ಡಿಕಿ ಅವರಿಗೆ ಆರು ವರ್ಷ ಹಿಡಿಯಿತು. ಅಷ್ಟು ಕಾಲ ಸೋಲನ್ನು ಸಹಿಸಿಕೊಳ್ಳುವ ತಂಡ ಇಂದು ಸಿಗುವುದು ಕಷ್ಟ. ನಕಲ್‌ಬಾಲ್ ಸೋತದ್ದು ಬ್ಯಾಟರ್‌ಗಳ ಎದುರಿಗಲ್ಲ, ಈ ಅವಸರದ ಎದುರಿಗೆ.

ಗಾಯಕ್ಕೆ ಮದ್ದಾಗಬಲ್ಲುದೇ?

ಗಾಯಗಳ ವರದಿ ಬಂದ ಮೇಲೆ, ಪ್ರತಿ ತಂಡವೂ ಒಬ್ಬ ನಕಲ್‌ಬಾಲ್ ಪಿಚರ್‌ನನ್ನು ಬೆಳೆಸಬೇಕೆಂಬ ವಾದಕ್ಕೆ ಬಲ ಬಂದಿದೆ. ಒಂದು ಋತುವಿನಲ್ಲಿ ಹೆಚ್ಚು ಇನಿಂಗ್ಸ್ (ಒಂದೊಂದರಲ್ಲೂ ಮೂರು ಔಟ್) ಎಸೆಯಬಲ್ಲ ಒಬ್ಬನಿದ್ದರೆ ಉಳಿದವರ ಹೊರೆ ತಗ್ಗುತ್ತದೆ ಎಂಬುದು ಅದರ ತರ್ಕ. ವಿಲ್ಬರ್ ವುಡ್ 1972ರಲ್ಲಿ ಒಬ್ಬರೇ 376 ಇನಿಂಗ್ಸ್‌ಗೂ ಹೆಚ್ಚು ಎಸೆದಿದ್ದರು. ಈಗ 200 ಇನಿಂಗ್ಸ್ ಮುಟ್ಟುವವರನ್ನು ಬೆರಳಲ್ಲಿ ಎಣಿಸಬಹುದು.

ಇದಕ್ಕೆ ಎದುರಾದ ವಾದವನ್ನೂ ಕಡೆಗಣಿಸಲಾಗದು. 2016ರಲ್ಲಿ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದ ಬಾಸ್ಟನ್‌ನ ನಕಲ್‌ಬಾಲ್ ಪಿಚರ್ ಸ್ಟೀವನ್ ರೈಟ್ ಅವರಿಗೆ ಅದೇ ವರ್ಷ ಬೇಸ್ ಓಟಗಾರನಾಗಿ ಜಿಗಿದಾಗ ಭುಜಕ್ಕೆ ಪೆಟ್ಟಾಯಿತು. ಮರುವರ್ಷ ಮಂಡಿಯ ಶಸ್ತ್ರಚಿಕಿತ್ಸೆ, 2019ರಲ್ಲಿ ಮೊಣಕೈ ಲಿಗಮೆಂಟಿನ ಶಸ್ತ್ರಚಿಕಿತ್ಸೆ ಆಯಿತು. ನಕಲ್‌ಬಾಲ್ ತೋಳಿನ ಭಾರ ತಗ್ಗಿಸುತ್ತದೆಯೇ ಹೊರತು ಗಾಯಗಳಿಂದ ಪೂರ್ತಿ ರಕ್ಷಿಸುವುದಿಲ್ಲ. ಅಲ್ಲದೆ ಇದನ್ನು ಕಲಿಯಬಲ್ಲವರೇ ವಿರಳ. ಹಾಗಾಗಿ ಇದು ಇಡೀ ಆಟದ ಕಾಯಿಲೆಗೆ ಮದ್ದಾಗಲಾರದು. ಆದರೆ ವೇಗವಿಲ್ಲವೆಂಬ ಒಂದೇ ಕಾರಣಕ್ಕೆ ಮನೆಗೆ ಹೋಗುವ ನೂರಾರು ಯುವಕರಲ್ಲಿ ಒಬ್ಬಿಬ್ಬರಿಗೆ ಅದು ಬದುಕಾಗಬಲ್ಲುದು, ಹಾಗೂ ಆ ಒಬ್ಬಿಬ್ಬರನ್ನು ಹುಡುಕುವ ಖರ್ಚು ಒಬ್ಬ ತಾರೆಯ ಶಸ್ತ್ರಚಿಕಿತ್ಸೆಯಿಂದ ತಂಡಕ್ಕಾಗುವ ನಷ್ಟದ ಮುಂದೆ ಬಹಳ ಸಣ್ಣದು.

ಹೊಸ ನಿಯಮಗಳು ಎಳೆಯುವ ಎರಡು ದಿಕ್ಕು

2023ರ ನಿಯಮಗಳು ನಕಲ್‌ಬಾಲ್‌ಗೆ ಪ್ರತಿಕೂಲ. ಬೇಸ್‌ಗಳ ಅಗಲ 15ರಿಂದ 18 ಇಂಚಿಗೆ ಹೆಚ್ಚಿತು; ಓಟಗಾರನನ್ನು ತಡೆಯಲು ಪಿಚರ್ ಎಸೆತ ನಿಲ್ಲಿಸಿ ಬೇಸ್‌ನತ್ತ ತಿರುಗುವುದಕ್ಕೆ ಎರಡು ಬಾರಿಯ ಮಿತಿ ಬಂತು. ಇದರಿಂದ ಬೇಸ್ ಕದಿಯುವ (ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ ಓಡುವ) ಘಟನೆಗಳು 2022ರ 2,486ರಿಂದ ಒಂದೇ ವರ್ಷದಲ್ಲಿ 3,503ಕ್ಕೆ ಏರಿದವು. ನಿಧಾನವಾಗಿ ಬರುವ, ಕ್ಯಾಚರ್ ಕೈಗೂ ಸುಲಭವಾಗಿ ಸಿಗದ ಚೆಂಡಿನ ಎದುರು ಓಟಗಾರನಿಗೆ ಇನ್ನೂ ಹೆಚ್ಚಿನ ಅವಕಾಶ ದೊರೆಯುತ್ತದೆ.

2026ರ ಯಂತ್ರ ವ್ಯವಸ್ಥೆಯ ಪರಿಣಾಮ ಇಷ್ಟು ಸರಳವಲ್ಲ. ಇಷ್ಟು ದಿನ ನಕಲ್‌ಬಾಲ್ ಪಿಚರ್‌ಗೆ ಆಗುತ್ತಿದ್ದ ಅನ್ಯಾಯವೊಂದಿತ್ತು: ಚೆಂಡು ಸ್ಟ್ರೈಕ್ ವಲಯದೊಳಗೆ ಬಂದಿದ್ದರೂ, ಕೊನೆಯ ಕ್ಷಣದಲ್ಲಿ ಕ್ಯಾಚರ್ ತಡಕಾಡಿ ಹಿಡಿದದ್ದನ್ನು ಕಂಡ ಅಂಪೈರ್ ಅದನ್ನು ಬಾಲ್ ಎಂದು ಕರೆಯುವ ಸಂಭವ ಹೆಚ್ಚು. ಯಂತ್ರ ನೋಡುವುದು ಚೆಂಡನ್ನು ಮಾತ್ರ, ಗ್ಲೌಸನ್ನಲ್ಲ. ಇದು ಸ್ಪಷ್ಟವಾದ ಅನುಕೂಲ. ಆದರೆ ತಂಡವೊಂದಕ್ಕೆ ಪ್ರಶ್ನಿಸಲು ಸಿಗುವುದು ಎರಡು ಅವಕಾಶ. ಪ್ರಶ್ನೆ ಸರಿಯಾಗಿದ್ದರೆ ಮಾತ್ರ ಅದು ಉಳಿಯುತ್ತದೆ. ಚೆಂಡು ಎಲ್ಲಿ ಹಾದುಹೋಯಿತೆಂದು ಕ್ಯಾಚರ್‌ಗೇ ಖಚಿತವಿಲ್ಲದಾಗ ಪ್ರಶ್ನಿಸುವುದೇ ಕಷ್ಟ. ಜೊತೆಗೆ ಯಂತ್ರವು ಪ್ಲೇಟಿನ ನಟ್ಟನಡುವಿನ ಒಂದೇ ಸಮತಲವನ್ನು ಪರಿಗಣಿಸುತ್ತದೆ. ನಿಧಾನದ ಚೆಂಡು ಕಡಿದಾಗಿ ಇಳಿಯುವುದರಿಂದ, ವಲಯದ ಮುಂಭಾಗದ ತಳವನ್ನೋ ಹಿಂಭಾಗದ ಮೇಲಂಚನ್ನೋ ಸವರಿ ಹೋಗುವ ಎಸೆತಗಳು ಅಲ್ಲಿ ಸ್ಟ್ರೈಕ್ ಆಗುವುದಿಲ್ಲ. ಎರಡನ್ನೂ ತೂಗಿದರೆ ಲಾಭವೇ ಹೆಚ್ಚೆಂದು ಅನ್ನಿಸುತ್ತದೆ. ಎಲ್ಲ ತೀರ್ಪುಗಳನ್ನೂ ಯಂತ್ರವೇ ಕೊಡುವ ದಿನ ಬಂದರೆ ಆ ಲಾಭ ಇನ್ನಷ್ಟು ಹೆಚ್ಚುತ್ತದೆ.

ವಾಲ್ಡ್ರನ್ ನಂತರ ಯಾರು?

ಈ ಎಲ್ಲ ಒತ್ತಡಗಳ ನಡುವೆ ಇತ್ತೀಚಿನ ವರ್ಷಗಳಲ್ಲಿ ನಕಲ್‌ಬಾಲ್‌ಗೆ ಉಳಿದ ಹೆಸರು ಸ್ಯಾನ್ ಡಿಯೇಗೊ ಪಾಡ್ರೆಸ್ ತಂಡದ ಮ್ಯಾಟ್ ವಾಲ್ಡ್ರನ್. 2023ರ ಜೂನ್‌ನಲ್ಲಿ ಮೇಜರ್ ಲೀಗ್‌ಗೆ ಬಂದ ಅವರು 2024ರಲ್ಲಿ ಆರಂಭಿಕ ಪಿಚರ್ ಆಗಿ 140ಕ್ಕೂ ಹೆಚ್ಚು ಇನಿಂಗ್ಸ್ ಎಸೆದರು. ಹಿಂದಿನವರಂತೆ ಅವರು ಇದೊಂದನ್ನೇ ನೆಚ್ಚಿಲ್ಲ. ವೇಗದ ಎಸೆತ ಮತ್ತು ಇತರ ಎಸೆತಗಳ ನಡುವೆ ನಕಲ್‌ಬಾಲ್ ಬೆರೆಸುತ್ತಾರೆ. 2025ರ ಬಹುಪಾಲನ್ನು ಅವರು ಕಳೆದದ್ದು ಕೆಳಹಂತದ ಮೈನರ್ ಲೀಗ್‌ನ ಎಲ್ ಪಾಸೊ ತಂಡದಲ್ಲಿ. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಆ ಊರಿನ ತೆಳುಗಾಳಿಯಲ್ಲಿ ಹೊಲಿಗೆಗೆ ಸಿಗುವ ಹಿಡಿತವೇ ಕಡಿಮೆ. ಗಾಳಿಯನ್ನೇ ನಂಬಿದ ಎಸೆತಕ್ಕೆ ಅದು ಕಠಿಣವಾದ ಜಾಗ.

ಮುಂದೆ ನಕಲ್‌ಬಾಲ್ ಉಳಿದರೆ ವಾಲ್ಡ್ರನ್ ಅವರ ಈ ರೂಪದಲ್ಲೇ, ಹಲವು ಎಸೆತಗಳಲ್ಲಿ ಒಂದಾಗಿ, ಕ್ರಿಕೆಟ್‌ನಲ್ಲಿ ಇರುವಂತೆಯೇ ಉಳಿಯುವ ಸಾಧ್ಯತೆ ಹೆಚ್ಚು. ಮರೆಯಾಗುವುದು, ಅದೊಂದನ್ನೇ ನಂಬಿ ಮೂವತ್ತರ ಮೇಲೆ ಹೊಸದಾಗಿ ವೃತ್ತಿ ಆರಂಭಿಸುವವರ ದಾರಿ. ಫಿಲ್ ನೀಕ್ರೊ 2020ರ ಡಿಸೆಂಬರ್‌ನಲ್ಲಿ, ವೇಕ್‌ಫೀಲ್ಡ್ 2023ರ ಅಕ್ಟೋಬರ್ 1ರಂದು ತೀರಿಕೊಂಡರು. ಡಿಕಿ ಕಲಿಯುತ್ತಿದ್ದ ದಿನಗಳಲ್ಲಿ, ಬೆರಳು ಜಾರಿದ ರಾತ್ರಿಯ ನಂತರ ಏನು ತಪ್ಪಾಯಿತೆಂದು ಕೇಳಲು, ಅದೇ ವಾರ ಇನ್ನೊಂದು ಮೈದಾನದಲ್ಲಿ ಅದೇ ಚೆಂಡನ್ನು ಎಸೆಯುತ್ತಿದ್ದ ಹಿರಿಯರೊಬ್ಬರು ಇದ್ದರು. ಇಂದು ಮೈನರ್ ಲೀಗ್‌ನ ಯಾವುದೋ ಊರಿನಲ್ಲಿ ಉಗುರನ್ನು ಹೊಲಿಗೆಯ ಬಳಿ ಊರಿ ಅಭ್ಯಾಸ ಮಾಡುತ್ತಿರುವ ಯುವಕನಿಗೆ ಹಾಗೆ ಕೇಳಲು ಒಬ್ಬರು ಸಿಕ್ಕರೆ ಅದೇ ಹೆಚ್ಚು.